ಹತ್ತು ದಿನದ ಗೈರುಹಾಜರಿ

ಫೆಬ್ರವರಿ 6

ಅಕ್ಕಾ,

ನಾನು ಬದುಕಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ. ಮೊದಲು ಇಷ್ಟನ್ನು ಅಮ್ಮನಿಗೆ ಓದಿ ಹೇಳು. ಮುಂದಿನದನ್ನು ನೀನೊಬ್ಬಳೇ ಓದಿಕೋ.

ಇಲ್ಲಿ ಮೊಬೈಲನ್ನು ಬಂದ ದಿನವೇ ಕಿತ್ತಿಟ್ಟುಕೊಳ್ಳುತ್ತಾರೆ. ವಾರಕ್ಕೊಮ್ಮೆ ಸಾಮಾನು ತರುವ ವಿಮಾನದಲ್ಲಿ ಟಪಾಲು ಚೀಲ ಹೋಗುತ್ತದೆ, ಅದೇ ಗತಿ. ಸೈನ್ಯದ ಈ ಕ್ಯಾಂಪಿನಲ್ಲಿ ಒಂಬತ್ತು ಜನರೇಟರುಗಳಿವೆ. ಒಂಬತ್ತಕ್ಕೂ ನಾನೇ ಡಾಕ್ಟರು, ನಾನೇ ನರ್ಸು. ಏಳನೆಯದು ಥೇಟ್ ನಿನ್ನ ಹಾಗೆ. ಬೆಳಿಗ್ಗೆ ಎರಡು ಸಲ ಬೈದ ಮೇಲೇ ಅದರ ದಿನ ಶುರು.

ಯುದ್ಧದ ದೇಶ ಅಂದರೆ ನೀನು ಅಂದುಕೊಂಡ ಹಾಗೆ ದಿನವೂ ಢಂ ಢಮಾರ್ ಇಲ್ಲ. ಕ್ಯಾಂಪಿನೊಳಗೆ ಮಲಗಲು ಜಾಗ ಇರುವುದು ಸೈನಿಕರಿಗೆ ಮತ್ತು ಕಂಪನಿಯ ಸಾಹೇಬರಿಗೆ ಮಾತ್ರ. ನಮಗೆಲ್ಲ ಹನ್ನೊಂದು ಕಿಲೋಮೀಟರ್ ಆಚೆ, ಹಾಳುಬಿದ್ದ ಇಟ್ಟಿಗೆ ಗೂಡಿನ ತಗಡು ಶೆಡ್ಡುಗಳು. ಬೆಳಿಗ್ಗೆ ಐದೂ ಮುಕ್ಕಾಲಿಗೆ ಬಸ್ಸು. ಡ್ರೈವರನ್ನು ಎಲ್ಲರೂ ಉದ್ದಣ್ಣ ಅನ್ನುತ್ತಾರೆ. ಮೊಣಕಾಲು ಸ್ಟೇರಿಂಗಿಗೆ ತಾಗುವಷ್ಟು ಉದ್ದ ಆಸಾಮಿ. ಹತ್ತುವಾಗ ಅವನ ಟ್ರಿಪ್ ಶೀಟಿನಲ್ಲಿ ಸಹಿ ಮಾಡಬೇಕು, ಇಳಿದ ಮೇಲೆ ಕ್ಯಾಂಪಿನ ಗೇಟಿನ ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು. ಆರೂವರೆಗೆ ಯಂತ್ರ ಬಂದ್. ಆಮೇಲೆ ದೇವರೇ ಬಂದರೂ ಗೈರುಹಾಜರಿ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು, ನಾವೆಲ್ಲ ಇಸ್ತ್ರಿ ಅನ್ನುವವನದು. ದಿನಕ್ಕೆ ಇನ್ನೂರು ಅಂಗಿ ಉಜ್ಜುತ್ತಾನೆ, ತನ್ನದೊಂದನ್ನು ಬಿಟ್ಟು. ಅವನು ನಮ್ಮ ಕಂಪನಿಯವನಲ್ಲ. ಕಂಪನಿ ಬಟ್ಟೆ ಒಗೆಯುವ ಗುತ್ತಿಗೆಯನ್ನು ಒಬ್ಬನಿಗೆ ಕೊಟ್ಟಿತು, ಅವನು ಇನ್ನೊಬ್ಬನಿಗೆ ಕೊಟ್ಟ, ಆ ಇನ್ನೊಬ್ಬ ಇವನನ್ನು ತಂದು ಇಲ್ಲಿ ಬಿಟ್ಟು ಕೈ ತೊಳೆದುಕೊಂಡ. ಗಾಡಿ ಕೂಡ ಕೊಟ್ಟಿಲ್ಲ. ಉದ್ದಣ್ಣನೇ ಪಾಪ ಅಂತ ಸಹಿ ಗಿಹಿ ಇಲ್ಲದೆ ಹತ್ತಿಸಿಕೊಳ್ಳುತ್ತಾನೆ. ಇಸ್ತ್ರಿಯ ಹೆಂಡತಿ ನಿಮ್ಮ ಪಕ್ಕದ ಊರಿನ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿದ್ದಾಳೆ. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆಯಂತೆ. ಈ ಸುದ್ದಿಯನ್ನು ಬಸ್ಸಿನಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿ ಆಯಿತು.

ನಿನ್ನ ತಮ್ಮ,
ಡೀಸೆಲ್ ವಾಸನೆಯವನು


ಫೆಬ್ರವರಿ 19

ಲೋ ತಮ್ಮಾ,

ಹತ್ತೊಂಬತ್ತು ವರ್ಷದಿಂದ ಬನಿಯನ್ ಮಿಲ್ಲಿನ ಹಾಜರಿ ಗುಮಾಸ್ತೆ ನಾನು. ಹಾಜರಿ ಏನು ಅಂತ ನೀನು ನನಗೆ ಹೇಳಬೇಡ. ನಾನು ಕೇಳುವುದಕ್ಕೆ ಉತ್ತರ ಕೊಡು. ದಿನವೂ ಅದೇ ಹೊತ್ತು, ಅದೇ ದಾರಿ, ಅದೇ ಬಸ್ಸು. ಈ ಏರ್ಪಾಡು ಯಾವ ಬುದ್ಧಿವಂತನದು?

ನಮ್ಮ ಮಿಲ್ಲಿನ ಎದುರಿಗೆ ಟೀ ಅಂಗಡಿಯವನೊಬ್ಬನಿದ್ದಾನೆ. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರು ಯಾರ ಜೊತೆ ಮುನಿಸಿಕೊಂಡು ಬೇರೆ ಬರುತ್ತಾರೆ ಎಂಬುದೆಲ್ಲ ನನ್ನ ಪುಸ್ತಕಕ್ಕಿಂತ ಅವನಿಗೆ ಚೆನ್ನಾಗಿ ಗೊತ್ತು. ಸುಮ್ಮನೆ ಟೀ ಸೋಸುತ್ತ ನಿಂತವನಿಗೇ ಇಷ್ಟು ಗೊತ್ತಾದರೆ, ಬಂದೂಕು ಹಿಡಿದು ಕಾಯುತ್ತ ಕೂತವರಿಗೆ ಗೊತ್ತಾಗುವುದಿಲ್ಲವೇನೋ? ನಿನ್ನ ಮೇಲ್ವಿಚಾರಕನ ಹತ್ತಿರ ಹೋಗಿ ಹೊತ್ತು ಬದಲಾಯಿಸಿ ಅಂತ ಕೇಳು. ತಲೆ ಕೆರೆಯುತ್ತ, ಹಲ್ಲು ಕಿರಿಯುತ್ತ ಕೇಳಬೇಡ. ನೆಟ್ಟಗೆ ನಿಂತು ಕೇಳು.

ಅಮ್ಮ ಪೂರ್ತಿ ಪತ್ರವನ್ನು ನನ್ನ ಕೈಯಿಂದ ಕಿತ್ತುಕೊಂಡು ಪಕ್ಕದ ಮನೆಯವರಿಂದ ಓದಿಸಿಕೊಂಡಳು. ಮೊದಲ ಮೂರು ಸಾಲಿಗೆ ಸುಮ್ಮನಾಗಲು ಅವಳೇನು ನಿನ್ನ ಹಾಗೆ ಪೆದ್ದಿಯೇ?

ನಿನ್ನ ಅಕ್ಕ


ಮಾರ್ಚ್ 4

ಅಕ್ಕಾ,

ನೆಟ್ಟಗೆ ನಿಂತೇ ಕೇಳಿದೆ. ಮೇಲ್ವಿಚಾರಕ ನಕ್ಕುಬಿಟ್ಟ. "ನೀನೇನು ಮಂತ್ರೀನಾ, ದಿನಕ್ಕೊಂದು ದಾರಿ ಹಿಡಿಯೋಕೆ? ಯಂತ್ರ ಆರೂವರೆಗೆ ಮುಚ್ಚತ್ತೆ. ಅದಕ್ಕೆ ನಿನ್ನ ಭಯ ಅರ್ಥ ಆಗಲ್ಲ" ಅಂದ. ಸಾಹೇಬರ ಗಾಡಿಗಳಿಗೆ ಮಾತ್ರ ದಿನಕ್ಕೊಂದು ದಾರಿ ಉಂಟು. ಅವುಗಳ ಬಾಗಿಲು ನನ್ನ ಅಂಗೈ ಅಗಲ ದಪ್ಪ ಇದೆ. ನಮ್ಮ ಬಸ್ಸಿನ ಕಿಟಕಿಗೆ ಗಾಜಿಲ್ಲ, ರಟ್ಟು ಕಟ್ಟಿದ್ದೇವೆ.

ಗುಂಡು ತಡೆಯುವ ಕವಚವನ್ನಾದರೂ ಕೊಡಿ ಅಂದೆ. ಅದು ಕೆಲಸದ ಜಾಗದಲ್ಲಿ ಮಾತ್ರವಂತೆ. ರಸ್ತೆ ಕೆಲಸದ ಜಾಗ ಅಲ್ಲವಂತೆ. ಅಂದರೆ ನಾಲ್ಕು ಸುತ್ತು ಗೋಡೆಯೊಳಗೆ ಕವಚ ಹಾಕಿಕೊಂಡು ಜನರೇಟರ್ ಒರೆಸಬೇಕು, ಬಯಲಿನಲ್ಲಿ ಬರೀ ಅಂಗಿಯಲ್ಲಿ ಹೋಗಬೇಕು. ಹೋದ ವಾರ ನೀರಿನ ಟ್ಯಾಂಕರಿನವನನ್ನು ಇದೇ ರಸ್ತೆಯಲ್ಲಿ ಹೊಡೆದು ಹಾಕಿದರು. ಗೋಡೆಗೆ ಅಂಟಿಸಿದ ನೋಟೀಸಿನಲ್ಲಿ "ರಸ್ತೆ ಅಪಘಾತ" ಅಂತ ಬರೆದಿತ್ತು. ಇಸ್ತ್ರಿ ಅದನ್ನು ಓದಿ, "ಹೌದಪ್ಪ, ಗುಂಡು ಎದುರಿಂದ ಬಂದು ಡಿಕ್ಕಿ ಹೊಡೀತು" ಅಂದ. ನಕ್ಕೆವು. ಸಂಜೆ ಕಿಟಕಿಗಳಿಗೆ ಇನ್ನೊಂದು ಪದರ ರಟ್ಟು ಕಟ್ಟಿದೆವು.

ಬಿಟ್ಟು ಬಾ ಅನ್ನಬೇಡ. ಪಾಸ್‌ಪೋರ್ಟು ಅವರ ಬೀರುವಿನಲ್ಲಿದೆ. ಆಗಸ್ಟಿಗೆ ಕರಾರು ಮುಗಿಯುತ್ತದೆ. ಅಲ್ಲಿಯವರೆಗೆ ನೀನೂ ಅಮ್ಮನೂ ಜಗಳ ಆಡಿಕೊಂಡು ಕಾಲ ಹಾಕಿ.

ನಿನ್ನ ತಮ್ಮ


ಮಾರ್ಚ್ 14

ಅಕ್ಕನವರಿಗೆ ನಮಸ್ಕಾರ.

ನಾನು ಬಸ್ಸಿನ ಡ್ರೈವರ್. ನಿಮ್ಮ ತಮ್ಮ ನನ್ನನ್ನು ಉದ್ದಣ್ಣ ಅನ್ನುತ್ತಿದ್ದ. ಮನೆಗಳಿಗೆ ಬರೆಯಕೂಡದು ಎಂದು ಕಂಪನಿ ಹೇಳಿದೆ. ರಜೆಗೆ ಹೊರಟ ಬಡಗಿಯ ಕೈಯಲ್ಲಿ ಇದನ್ನು ಕದ್ದು ಕಳಿಸುತ್ತಿದ್ದೇನೆ. ಕೂತುಕೊಂಡು ಓದಿ.

ಹನ್ನೊಂದನೇ ತಾರೀಕು ಬೆಳಿಗ್ಗೆ ಆರು ಗಂಟೆಗೆ ಮೋರಿಯ ಹತ್ತಿರ ನಾಲ್ಕು ಜನ ಬಸ್ಸು ಅಡ್ಡಹಾಕಿದರು. ಮುಂದಿನ ಸೀಟಿನಲ್ಲಿದ್ದ ನಿಮ್ಮ ತಮ್ಮನ ಕೊರಳಲ್ಲಿ ಕಂಪನಿಯ ಕಾರ್ಡು ಕಂಡಿತು. "ಇಳಿ" ಅಂದರು. ಇಸ್ತ್ರಿ ಅವನ ಕೈ ಹಿಡಿದುಕೊಂಡ. ಬಿಡು ಎಂದು ಬಂದೂಕಿನ ಹಿಡಿಯಿಂದ ಹೊಡೆದರು. ಬಿಡಲಿಲ್ಲ. ಅವರಿಗೂ ಹೊತ್ತಿರಲಿಲ್ಲ, ಇಬ್ಬರನ್ನೂ ಒಟ್ಟಿಗೇ ಎಳೆದುಕೊಂಡು ಹೋದರು. ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ ಅಕ್ಕನವರೇ. ಇಷ್ಟು ಉದ್ದ ಇದ್ದು ಏನು ಪ್ರಯೋಜನ.

ಉಳಿದವರನ್ನು ಕ್ಯಾಂಪಿಗೆ ತಲುಪಿಸಿದಾಗ ಆರು ಮೂವತ್ತೈದು. ಅಷ್ಟೂ ಜನಕ್ಕೆ ಅರ್ಧ ದಿನ ಗೈರುಹಾಜರಿ ಹಾಕಿದರು.

ಇಬ್ಬರೂ ಬದುಕಿದ್ದಾರೆ ಎಂದು ಸುದ್ದಿ ಇದೆ.

ಇಂತಿ,
ಡ್ರೈವರ್


ಮಾರ್ಚ್ 22

ಕಂಪನಿಯ ನಗರ ಕಚೇರಿಯ ಸಿಬ್ಬಂದಿ ಅಧಿಕಾರಿಗಳಿಗೆ,

ನಿಮ್ಮ ಜನರೇಟರ್ ಮೆಕ್ಯಾನಿಕ್, ನಿಮ್ಮ ಹಾಜರಿ ಪಟ್ಟಿಯ ಟಿಕೆಟ್ ನಂಬರ್ 4417, ನನ್ನ ತಮ್ಮ. ಅವನನ್ನು ಹಿಡಿದುಕೊಂಡು ಹೋಗಿ ಇವತ್ತಿಗೆ ಹನ್ನೊಂದು ದಿನ. ನಿಮ್ಮ ಕಚೇರಿಯ ಮೆತ್ತನೆಯ ಸೋಫಾದಲ್ಲಿ ನಾನು ಕೂರುತ್ತಿರುವುದು ಇದು ನಾಲ್ಕನೇ ಸಲ. ನಿಮ್ಮ ಗಾಜಿನ ತೊಟ್ಟಿಯ ಮೀನುಗಳಿಗೆ ಕೂಡ ನನ್ನ ಮುಖ ಪರಿಚಯವಾಗಿದೆ. ನಿಮಗೆ ಮಾತ್ರ ಪುರುಸೊತ್ತಿಲ್ಲ. "ಸಾಹೇಬ್ರು ಮೀಟಿಂಗಲ್ಲಿದಾರೆ" ಅನ್ನುತ್ತಾಳೆ ಆ ಹುಡುಗಿ. ಒಳಗಿನಿಂದ ಕ್ರಿಕೆಟ್ ಕಾಮೆಂಟರಿ ಕೇಳಿಸುತ್ತಿರುತ್ತದೆ.

ನನ್ನ ಪ್ರಶ್ನೆ ಒಂದೇ. ಅವನನ್ನು ಬಿಡಿಸಲು ನೀವು ಏನು ಮಾಡುತ್ತಿದ್ದೀರಿ? ಬಾಯಿಮಾತು ಬೇಡ, ಬರವಣಿಗೆಯಲ್ಲಿ ಬೇಕು.

4417ರ ಅಕ್ಕ


ಮಾರ್ಚ್ 26

ಮಾನ್ಯರೇ,

ದಿನಾಂಕ 22ರ ತಮ್ಮ ಪತ್ರ ತಲುಪಿದೆ. ಸದರಿ ಟಿಕೆಟ್ ನಂಬರ್ 4417 ನೌಕರರು ಮಾರ್ಚ್ 11ರಿಂದ ಯಾವುದೇ ಪೂರ್ವಾನುಮತಿ ಇಲ್ಲದೆ ಕರ್ತವ್ಯಕ್ಕೆ ಗೈರುಹಾಜರಾಗಿರುತ್ತಾರೆ. ಹತ್ತು ದಿನಗಳ ಅನಧಿಕೃತ ಗೈರುಹಾಜರಿಯ ನಂತರ ನೌಕರರ ಹೆಸರು ಪಟ್ಟಿಯಿಂದ ತಾನಾಗಿಯೇ ತೆಗೆದುಹಾಕಲ್ಪಡುತ್ತದೆ. ಅದರಂತೆ ಮಾರ್ಚ್ 21ರಿಂದ ಅವರು ನಮ್ಮ ಸಂಸ್ಥೆಯ ನೌಕರರಾಗಿರುವುದಿಲ್ಲ. ಘಟನೆಯು ಕೆಲಸದ ಸ್ಥಳದಲ್ಲಿ ಸಂಭವಿಸಿರುವುದಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರಲಾಗಿದೆ.

ತಮ್ಮ ಕುಟುಂಬದ ದುಃಖದಲ್ಲಿ ಸಂಸ್ಥೆಯು ಭಾಗಿಯಾಗಿದೆ.

ತಮ್ಮ ವಿಶ್ವಾಸಿ,
ಸಿಬ್ಬಂದಿ ಅಧಿಕಾರಿ


ಮಾರ್ಚ್ 30

ಅಕ್ಕನವರಿಗೆ,

ಮೈಯೆಲ್ಲ ಉರಿಯುತ್ತಿದೆ, ಹೇಗೆ ಬರೆಯಲಿ. ಹಿಡಿದುಕೊಂಡವರು 23ರಂದು ಕ್ಯಾಂಪಿನ ಕಂಪನಿ ಕಚೇರಿಗೆ ಫೋನ್ ಮಾಡಿ, "4417 ನಿಮ್ಮೋನಾ?" ಎಂದು ಕೇಳಿದ್ದಾರೆ. ಅಲ್ಲಿದ್ದ ಗುಮಾಸ್ತ ಕಂಪ್ಯೂಟರ್ ನೋಡಿ, "ಆ ನಂಬರಿನವರು ಯಾರೂ ಇಲ್ಲ" ಎಂದುಬಿಟ್ಟಿದ್ದಾನೆ! ಹೊಟ್ಟೆಗೆ ಅನ್ನ ತಿನ್ನುವವನು ಹೇಳುವ ಮಾತೇ ಇದು? ಕಂಪನಿಯವರು ನಮ್ಮ ಜನ ಎಂದು ಒಪ್ಪಿಕೊಂಡು ಮಾತಿಗೆ ಬರಬೇಕು, ಏಪ್ರಿಲ್ 20ರ ತನಕ ಕಾಯುತ್ತೇವೆ, ಬಾರದಿದ್ದರೆ ಮುಗಿಸುತ್ತೇವೆ ಎಂದು ಅವರು ಹೇಳಿ ಕಳಿಸಿದ್ದಾರೆ. ಇಲ್ಲಿ ಪಕ್ಕದ ಊರಿನ ಒಬ್ಬ ಮುದಿ ಡಾಕ್ಟರನ್ನು ಎರಡೂ ಕಡೆಯವರು ನಂಬುತ್ತಾರೆ. ಕಂಪನಿ ಒಂದು ಕಾಗದ ಕೊಟ್ಟರೆ ಮಾತಾಡಲು ಅವರು ಸಿದ್ಧ.

ಇದರೊಳಗೆ 11ನೇ ತಾರೀಕಿನ ಟ್ರಿಪ್ ಶೀಟು ಇಟ್ಟಿದ್ದೇನೆ. ನಿಮ್ಮ ತಮ್ಮನ ಸಹಿ ಇದೆ. ಇಸ್ತ್ರಿಯದು ಇಲ್ಲ, ಯಾವತ್ತೂ ಇರಲಿಲ್ಲ. ಅವನ ಗುತ್ತಿಗೆದಾರ ಫೋನೇ ಎತ್ತುತ್ತಿಲ್ಲ. ನಿಮ್ಮ ಪತ್ರದಲ್ಲಿ ಅವನದೂ ಒಂದು ಮಾತು ಬರೆಯಿರಿ ಅಕ್ಕನವರೇ. ಅವನಿಗೆ ಬರೆಯುವವರು ಯಾರೂ ಇಲ್ಲ.

ಇಂತಿ,
ಡ್ರೈವರ್


ಏಪ್ರಿಲ್ 6

ಸಿಬ್ಬಂದಿ ಅಧಿಕಾರಿಗಳಿಗೆ,

ಗೈರುಹಾಜರಿ ಅಂದಿರಲ್ಲ ಸ್ವಾಮಿ, ಆ ಪದದ ಅರ್ಥ ನಿಮಗೆ ಗೊತ್ತೇ? ಮನೆಯಲ್ಲಿ ಹೊದ್ದು ಮಲಗಿದವನು ಗೈರುಹಾಜರು. ಸಿನಿಮಾಕ್ಕೆ ಹೋದವನು ಗೈರುಹಾಜರು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಯಾವುದೋ ಕತ್ತಲೆ ಕೋಣೆಯಲ್ಲಿ ಬಿದ್ದವನು ಯಾರ ಹತ್ತಿರ ಪೂರ್ವಾನುಮತಿ ಕೇಳಬೇಕಿತ್ತು? ಹಿಡಿದುಕೊಂಡವರ ಹತ್ತಿರ ರಜೆ ಅರ್ಜಿಯ ಫಾರಂ ಇರುತ್ತದೆಯೇ?

ಹತ್ತೊಂಬತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ ಇದು. ನಾನೂ ಹೆಸರು ಹೊಡೆದುಹಾಕಿದ್ದೇನೆ. ಹೊಡೆದುಹಾಕುವ ಮೊದಲು ಆ ಮನುಷ್ಯನ ಮನೆಗೆ ಆಳು ಕಳಿಸಿ, ಏನಾಗಿದೆ ನೋಡಿ ಬಾ ಎಂದಿದ್ದೇನೆ. ನಿಮ್ಮ ಯಂತ್ರಕ್ಕೆ ಆಳಿಲ್ಲ. ನಿಮಗಾದರೂ ಕಣ್ಣಿಲ್ಲವೇ?

ಟ್ರಿಪ್ ಶೀಟು ಲಗತ್ತಿಸಿದ್ದೇನೆ. ಐದೂ ಮುಕ್ಕಾಲಿಗೆ ನಿಮ್ಮ ಬಸ್ಸಿನಲ್ಲಿ, ನಿಮ್ಮ ಶೀಟಿನಲ್ಲಿ 4417 ಸಹಿ ಮಾಡಿದ್ದಾನೆ. ಸಹಿ ಮಾಡಿದ ಗಳಿಗೆಯಿಂದ ಅವನು ಕರ್ತವ್ಯದಲ್ಲಿದ್ದಾನೆ. ಪ್ರತಿ ಹಾಜರಿ ಪುಸ್ತಕದಲ್ಲೂ "ಹೊರಗಿನ ಕರ್ತವ್ಯ" ಎಂದು ಒಂದು ಕಲಂ ಇರುತ್ತದೆ. ನನ್ನ ತಮ್ಮನನ್ನು ಆ ಕಲಮಿಗೆ ಹಾಕಿ. ಅವನು ನಮ್ಮವನು ಎಂದು ಡಾಕ್ಟರಿಗೆ ಕಾಗದ ಕೊಡಿ. ಇಲ್ಲವಾದರೆ ಇದೇ ಶೀಟನ್ನು ಪತ್ರಿಕೆಯವರಿಗೆ ಕೊಡುತ್ತೇನೆ. ನಿಮ್ಮ ಮೀನಿನ ತೊಟ್ಟಿಯ ಮುಂದೆ ಅವರನ್ನೂ ಕೂರಿಸುತ್ತೇನೆ.

4417ರ ಅಕ್ಕ


ಏಪ್ರಿಲ್ 6

ಉದ್ದಣ್ಣನವರೇ,

ಶೀಟು ಸಿಕ್ಕಿತು. ನಿಮ್ಮ ಉಪಕಾರವನ್ನು ಜನ್ಮದಲ್ಲಿ ತೀರಿಸಲಾರೆ. ಇವತ್ತೇ ಪತ್ರವನ್ನು ಕೈಯಾರೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ.

ಇಸ್ತ್ರಿಯ ಮಾತು ಬರೆಯಲಿಲ್ಲ. ಬೈಯಬೇಡಿ, ಯೋಚನೆ ಮಾಡಿಯೇ ಬಿಟ್ಟಿದ್ದೇನೆ. ಆ ಶೀಟಿನ ಹಿಂಬದಿ ಓದಿದ್ದೀರಾ? ಹೊರಗಿನವರನ್ನು ಹತ್ತಿಸಿಕೊಂಡರೆ ಟ್ರಿಪ್ಪೇ ಅಸಿಂಧು ಎಂದು ಅಚ್ಚಾಗಿದೆ. ಅವನ ಹೆಸರೆತ್ತಿದರೆ ಕಂಪನಿಯವರು ಅದನ್ನೇ ಹಿಡಿದುಕೊಂಡು, ಟ್ರಿಪ್ಪೂ ಇಲ್ಲ, ಸಹಿಯೂ ಇಲ್ಲ, ನಿಮ್ಮ ತಮ್ಮನೂ ಇಲ್ಲ ಅನ್ನುತ್ತಾರೆ. ಅಂಥವರ ಕೈಗೆ ನಾನೇ ದೊಣ್ಣೆ ಕೊಡಲೇ? ನಿಮ್ಮ ಕೆಲಸವೂ ಹೋಗುತ್ತದೆ. ಮೊದಲು ಇವನೊಬ್ಬ ಹೊರಗೆ ಬರಲಿ. ಆಮೇಲೆ ಇಸ್ತ್ರಿಗಾಗಿ ಇದಕ್ಕಿಂತ ದೊಡ್ಡ ರಂಪ ಮಾಡುತ್ತೇನೆ, ಮಾತು ಕೊಡುತ್ತೇನೆ.

ಅಮ್ಮನಿಗೆ ಪತ್ರ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಕೈ ಹಿಡ್ಕೊಂಡನಲ್ಲ, ಅವನ ವಿಷಯ ಎಲ್ಲೇ?" ಅಂದಳು. "ಸುಮ್ನಿರಮ್ಮ, ನಿನಗೆ ಕಾಗದ ಪತ್ರದ ವ್ಯವಹಾರ ಗೊತ್ತಾಗಲ್ಲ" ಅಂದೆ. ಎದ್ದು ಒಳಗೆ ಹೋದಳು.

ನಿಮ್ಮ ಅಕ್ಕನಂಥವಳು


ಏಪ್ರಿಲ್ 13

ಮಾನ್ಯರೇ,

ತಮ್ಮ ಪತ್ರ ಹಾಗೂ ಲಗತ್ತನ್ನು ಪರಿಶೀಲಿಸಲಾಗಿದೆ. ಟಿಕೆಟ್ ನಂಬರ್ 4417ರ ಗೈರುಹಾಜರಿಯನ್ನು "ಹೊರಗಿನ ಕರ್ತವ್ಯ" ಎಂದು ತಿದ್ದುಪಡಿ ಮಾಡಿ, ಹೆಸರನ್ನು ಪಟ್ಟಿಗೆ ಮರಳಿ ಸೇರಿಸಲಾಗಿದೆ. ಸದರಿ ನೌಕರರ ಬಿಡುಗಡೆಗಾಗಿ ಮಾತುಕತೆ ನಡೆಸಲು ಸ್ಥಳೀಯ ವೈದ್ಯರೊಬ್ಬರಿಗೆ ಅಧಿಕಾರ ಪತ್ರ ನೀಡಲಾಗಿದೆ.

ಅಪಹರಣಕ್ಕೊಳಗಾದವರಲ್ಲಿ ಸಂಸ್ಥೆಗೆ ಸಂಬಂಧಿಸಿದವರು ಇವರೊಬ್ಬರೇ ಎಂಬುದು ತಮ್ಮ ಪತ್ರದಿಂದಲೂ ಟ್ರಿಪ್ ಶೀಟಿನಿಂದಲೂ ಖಚಿತವಾಗಿದ್ದು, ವೈದ್ಯರಿಗೂ ಹಾಗೆಯೇ ತಿಳಿಸಲಾಗಿದೆ.

ತಮ್ಮ ವಿಶ್ವಾಸಿ,
ಸಿಬ್ಬಂದಿ ಅಧಿಕಾರಿ


ಏಪ್ರಿಲ್ 24

ಅಕ್ಕಾ,

ಬಿಟ್ಟರು. ಕ್ಯಾಂಪಿನ ಆಸ್ಪತ್ರೆಯಲ್ಲಿದ್ದೇನೆ. ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಉಳಿದದ್ದೆಲ್ಲ ನೆಟ್ಟಗಿದೆ. ಅಮ್ಮನಿಗೆ ಕಿವಿಯ ಮಾತು ಹೇಳಬೇಡ.

ನಲವತ್ತು ದಿನ ಒಂದು ಆಡಿನ ಕೊಟ್ಟಿಗೆಯಲ್ಲಿ ಇಬ್ಬರೂ ಇದ್ದೆವು. ನನ್ನ ಕಾಲಿಗೂ ಇಸ್ತ್ರಿಯ ಕಾಲಿಗೂ ಒಂದೇ ಸರಪಳಿ. ನಾನು ಅತ್ತರೆ ಅವನು ಬೈಯುತ್ತಿದ್ದ. ಅವನು ಅತ್ತರೆ ನಾನು ಮಗಳ ಹಲ್ಲಿನ ಸುದ್ದಿ ಕೇಳುತ್ತಿದ್ದೆ, ಅಷ್ಟಕ್ಕೇ ಅವನ ಮುಖ ಅರಳುತ್ತಿತ್ತು. 20ನೇ ತಾರೀಕು ಬೆಳಿಗ್ಗೆ ಡಾಕ್ಟರು ಬಂದರು. ಕೈಯಲ್ಲಿ ಕಂಪನಿಯ ಕಾಗದ. ಅದರಲ್ಲಿ ಒಂದೇ ನಂಬರು, ನನ್ನದು. ಹಿಡಿದುಕೊಂಡವರ ಯಜಮಾನ ಕೇಳಿದ, "ಮತ್ತೆ ಇವನು? ಇವನು ಯಾರೋನು?" ಡಾಕ್ಟರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇವನ ವಿಷಯ ನನಗೆ ಯಾರೂ ಹೇಳಿಲ್ಲ. ಒಬ್ಬನೇ ಅಂತ ಬರೆದಿದೆ" ಅಂದರು. ನಾನು ಅವರ ಕಾಲು ಹಿಡಿದೆ. ಅವರು ಯಜಮಾನನ ಕಾಲು ಹಿಡಿದರು. ನಮ್ಮವನು ಅಂತ ಯಾವ ಕಂಪನಿಯೂ ಹೇಳದವನನ್ನು ಇಟ್ಟುಕೊಂಡು ನಾನೇನು ಮಾಡಲಿ ಅಂದ ಅವನು.

ನನ್ನ ಕಾಲಿನ ಸರಪಳಿ ಬಿಚ್ಚುವಾಗ ಇಸ್ತ್ರಿ, "ನೀ ನಡಿ, ನಂದು ಬೇರೆ ಆಫೀಸಲ್ವಾ, ಕಾಗದ ಬರೋದು ತಡ ಆಗತ್ತೆ" ಅಂದ. ನಗುತ್ತಲೇ ಅಂದ. ಡಾಕ್ಟರ ಕಾರು ತಿರುವು ದಾಟುವ ಮೊದಲೇ ಗುಂಡಿನ ಸದ್ದು ಕೇಳಿಸಿತು, ನನ್ನ ಕೆಟ್ಟ ಕಿವಿಗೂ ಕೇಳಿಸಿತು.

ಅಕ್ಕಾ, ನೀನು ಇಷ್ಟು ಹೋರಾಡಿದೆ ಅಂತ ಉದ್ದಣ್ಣ ಹೇಳಿದ. ಇನ್ನೊಂದು ಕೆಲಸ ಮಾಡು. ಆ ಕಚೇರಿಗೆ ಹೋಗು. ಇಬ್ಬರನ್ನು ಹಿಡಿದುಕೊಂಡು ಹೋದದ್ದು ಗೊತ್ತಿದ್ದೂ ಒಬ್ಬನೇ ಅಂತ ಬರೆದ ಕೈ ಯಾವುದು ಅಂತ ಕುತ್ತಿಗೆಪಟ್ಟಿ ಹಿಡಿದು ಕೇಳು. ನನಗೆ ಅದೊಂದು ಗೊತ್ತಾಗಬೇಕು. ಅವನ ಮುಖಕ್ಕೆ ಉಗಿಯದೆ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ ತಮ್ಮ


ಮೇ 9

ತಂಗೀ,

ನೀವು ನನ್ನನ್ನು ನೋಡಿಲ್ಲ. ನಿಮ್ಮ ಗಂಡ ಯಾರ ಕೈಯನ್ನು ಬಿಡಲಿಲ್ಲವೋ, ಅವನ ಅಕ್ಕ ನಾನು. ಹೋದ ವಾರ ನಿಮ್ಮ ಪೆಟ್ಟಿಗೆ ಕಾರ್ಖಾನೆಯ ಗೇಟಿನ ತನಕ ಬಂದಿದ್ದೆ. ಪಾಳಿ ಬಿಟ್ಟು ಹೆಂಗಸರೆಲ್ಲ ಹೊರಗೆ ಬರುತ್ತಿದ್ದರು. ಒಬ್ಬೊಬ್ಬರ ಮುಖ ನೋಡಿದರೂ ನೀವೇ ಇರಬಹುದು ಅನ್ನಿಸಿತು. ಹೆದರಿ ವಾಪಸ್ಸು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಸ್ಸಿನ ಡ್ರೈವರ್ ನಿಮಗೆ ಸುದ್ದಿ ಮುಟ್ಟಿಸಿದ್ದಾನಂತೆ, ಕಂಪನಿ ಮಾತ್ರ ಏನೂ ಬರೆದಿಲ್ಲವಂತೆ. ನಿಮ್ಮ ಗಂಡ ತಮ್ಮ ಪಟ್ಟಿಯಲ್ಲೇ ಇರಲಿಲ್ಲವಾದ್ದರಿಂದ ದೇಹವನ್ನು ಕಳಿಸುವ ಹೊಣೆಯೂ ತಮ್ಮದಲ್ಲ ಎಂದು ನನಗೆ ಹೇಳಿದರು. ಇನ್ನೂರು ಅಂಗಿಗಳನ್ನು ಹಾಕಿಕೊಂಡು ಓಡಾಡಿದವರಿಗೆ ಅವನ್ನು ಉಜ್ಜಿದವನು ಯಾರೋ ಗೊತ್ತಿಲ್ಲವಂತೆ. ಅಲ್ಲೇ ಕಿರುಚಾಡಿದೆ. ಕಾವಲಿನವನು ರಟ್ಟೆ ಹಿಡಿದು ಹೊರಗೆ ಕಳಿಸಿದ. ದೇಹವನ್ನು ಅಲ್ಲಿಯ ಮುದಿ ಡಾಕ್ಟರು ಹಿಡಿದುಕೊಂಡವರಿಂದ ಬೇಡಿ ತಂದು ತಮ್ಮ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ. ನೀವು ಒಂದು ಅರ್ಜಿಗೆ ಸಹಿ ಮಾಡಬೇಕು, ಉಳಿದದ್ದಕ್ಕೆಲ್ಲ ನಾನು ಓಡಾಡುತ್ತೇನೆ. ಕೆಲಸಕ್ಕೆ ರಜೆ ಹಾಕಿದ್ದೇನೆ.

ನನ್ನ ತಮ್ಮ ಮನೆಗೆ ಬಂದಿದ್ದಾನೆ. ಒಬ್ಬನೇ ಅಂತ ಬರೆದ ಕೈ ಯಾವುದು ಎಂದು ಅವನು ಕೇಳಿದ್ದ. ಆ ಕಚೇರಿಯವರು ಪಾಪಿಗಳು, ಅದರಲ್ಲಿ ಎರಡು ಮಾತಿಲ್ಲ. ಅವರು ಮಾಡಿದ್ದನ್ನು ಬಿಟ್ಟುಕೊಡುವವಳಲ್ಲ ನಾನು. ಆದರೆ ಅವನು ಕೇಳಿದ ಕೈ ಅಲ್ಲಿರಲಿಲ್ಲ. ಅವನು ಬಂದ ದಿನವೇ ಹೇಳಿದೆ. ಉಗಿಯಲಿಲ್ಲ. ತಟ್ಟೆ ಸರಿಸಿ ಎದ್ದುಹೋದ. ಆವತ್ತಿನಿಂದ ಅಮ್ಮ ಇಬ್ಬರಿಗೂ ಬೇರೆ ಬೇರೆ ಬಡಿಸುತ್ತಾಳೆ.

ನಿಮಗೂ ಇದನ್ನು ಬೇರೆ ಯಾರೋ ಹೇಳಬಾರದು, ನಾನೇ ಹೇಳಬೇಕು. ಇಬ್ಬರನ್ನು ಹಿಡಿದುಕೊಂಡು ಹೋಗಿದ್ದಾರೆಂದು ನನಗೆ ಗೊತ್ತಿತ್ತು. ನಿಮ್ಮ ಗಂಡನ ಹೆಸರನ್ನೂ ಬರೆಯಿರಿ ಎಂದು ಡ್ರೈವರ್ ಕೇಳಿಕೊಂಡಿದ್ದ. ನನ್ನ ತಾಯಿ ಕೇಳಿದ್ದಳು. ಬರೆದರೆ ನನ್ನ ತಮ್ಮನ ಬಿಡುಗಡೆ ತಪ್ಪಿಹೋಗುತ್ತದೆ ಎಂದು ಲೆಕ್ಕ ಹಾಕಿ, ಬೇಕೆಂದೇ ಬಿಟ್ಟೆ. ಹೆಸರು ಬರೆದಿದ್ದರೆ ಇಬ್ಬರೂ ಬರುತ್ತಿದ್ದರೋ, ಇಬ್ಬರೂ ಹೋಗುತ್ತಿದ್ದರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ನನ್ನ ಸಮಾಧಾನಕ್ಕೆ ಹೇಳಿಕೊಳ್ಳುತ್ತಿಲ್ಲ.

ಕಂಪನಿಗೆ ನಾನು ಬರೆದ ಆ ಪತ್ರದ ನಕಲು ನನ್ನ ಹತ್ತಿರ ಇದೆ. ದಿನವೂ ತೆಗೆದು ನೋಡುತ್ತೇನೆ. ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಇತ್ತು.

ಮೆಕ್ಯಾನಿಕ್‌ನ ಅಕ್ಕ